ಉಸಿರು ಬಿಡೋದೂ ಒಂದು ಕೆಲಸಾನೇ

ನಿಮ್ಮನೇಲಿ ಯಾರಿಗಾದ್ರೂ "ಚೆನ್ನಾಗಿ ಉದ್ದಕ್ಕೆ ಉಸಿರು ತಗೊಳ್ಳಿ ನೋಡೋಣ" ಅಂತ ಹೇಳಿ ನೋಡಿ. ಮುಕ್ಕಾಲುವಾಸಿ ಜನ ಏನ್ಮಾಡ್ತಾರೆ ಅಂದ್ರೆ ಎದೆ ಸೆಟೆಸ್ತಾರೆ, ಭುಜ ಎರಡೂ ಕಿವಿ ಹತ್ರ ಹೋಗತ್ತೆ, ಹೊಟ್ಟೆ ಒಳಕ್ಕೆ ಎಳ್ಕೋತಾರೆ, ಕತ್ತಿನ ನರ ಉಬ್ಬತ್ತೆ, ಮೂಗಲ್ಲಿ ಸೊರ್ ಅಂತ ಸದ್ದು ಬೇರೆ, ಆಮೇಲೆ ತಗೊಂಡಿದ್ದನ್ನೆಲ್ಲಾ ಬುಸ್ ಅಂತ ಒಂದೇ ಸಲ ಬಿಟ್ಟು "ಆಯ್ತಾ?" ಅಂತ ನಮ್ಮ ಮುಖ ನೋಡ್ತಾರೆ. ಪೊಲೀಸ್ ಸೆಲೆಕ್ಷನ್‌ನಲ್ಲಿ ಎದೆ ಅಳತೆ ಕೊಡೋಕೆ ಇದು ಸರಿ. ಮನಸ್ಸಿಗೆ, ಮೈಗೆ ಒಳ್ಳೇದಾಗ್ಲಿ ಅಂತ ಮಾಡೋದಾದ್ರೆ ಇದರಲ್ಲಿ ಎಲ್ಲಾನೂ ಉಲ್ಟಾ.

ನನಗೆ ಇದರ ಬಗ್ಗೆ ಆಸಕ್ತಿ ಹುಟ್ಟಿದ್ದು ಯೋಗ ಕ್ಲಾಸಲ್ಲಿ ಅಲ್ಲ, ಆಸ್ಪತ್ರೇಲಿ. ಅಪ್ಪಂಗೆ ಬೈಪಾಸ್ ಆಗಿತ್ತು. ಬೈಪಾಸ್ ಆದೋರ ಮನೆಯವರಿಗೆ ಗೊತ್ತಿರತ್ತೆ, ಎದೆ ಮೂಳೆ ಸೀಳಿ ತಂತಿ ಹಾಕಿ ಕೂಡ್ಸಿರ್ತಾರೆ, ಕೆಮ್ಮು ಬಂದ್ರೆ ಜೀವ ಹೋದಂಗಾಗತ್ತೆ, ಅದಕ್ಕೆ ಕೈಗೊಂದು ದಿಂಬು ಕೊಟ್ಟು "ಇದನ್ನ ತಬ್ಕೊಂಡು ಕೆಮ್ಮಿ" ಅಂತಾರೆ. ಆ ನೋವಿಗೆ ಹೆದರಿ ಅಪ್ಪ ಉಸಿರಾಡೋದನ್ನೇ ಕಮ್ಮಿ ಮಾಡ್ಬಿಟ್ಟಿದ್ರು, ಅಂದ್ರೆ ಗಂಟಲಿಂದ ಎರಡು ಇಂಚು ಕೆಳಗೆ ಗಾಳಿ ಹೋಗ್ತಿತ್ತೋ ಇಲ್ವೋ ಅನ್ನೋ ಥರ. ಅಲ್ಲಿಗೆ ಬಂದಿದ್ದು ಫಿಸಿಯೋಥೆರಪಿ ಹುಡುಗಿ, ದಕ್ಷಿಣ ಕನ್ನಡದವಳು, ಕೈಯಲ್ಲಿ ಮೂರು ಚೆಂಡು ಇರೋ ಪ್ಲಾಸ್ಟಿಕ್ ಡಬ್ಬಿ. ಸ್ಪೈರೋಮೀಟರ್ ಅಂತಾರಲ್ಲ ಅದು. ಒಂದೊಂದು ಕೊಳವೆ ಮೇಲೂ 600, 900, 1200 ಅಂತ ಬರ್ದಿರತ್ತೆ. ಅಪ್ಪ ರಿಟೈರ್ಡ್ ಹೆಡ್‌ಮಾಸ್ಟರು, ಯಾರಾದ್ರೂ ಏನಾದ್ರೂ ಹೇಳೋಕೆ ಮುಂಚೇನೇ ಅರ್ಥ ಆಯ್ತು ಅಂತ ಪೈಪ್ ಬಾಯಿಗಿಟ್ಕೊಂಡು ಫೂ ಅಂತ ಊದಿದ್ರು. ಚೆಂಡು ಅಲ್ಲಾಡ್ಲಿಲ್ಲ.

"ಊದುದಲ್ಲ ಅಂಕಲ್, ಎಳ್ಕೊಳ್ಳುದು. ಸ್ಟ್ರಾ ಹಾಕಿ ಎಳನೀರು ಕುಡೀತೀರಲ್ಲ, ಹಾಗೆ ಮೆಲ್ಲ ಎಳೀರಿ."

ಎರಡನೇ ಸಲ ಅಪ್ಪ ಹಠಕ್ಕೆ ಬಿದ್ದು ಜೋರಾಗಿ ಎಳೆದ್ರು, ಮೂರೂ ಚೆಂಡು ಟಕ್ ಅಂತ ಮೇಲೆ ಹೋಗಿ ಟಕ್ ಅಂತ ಬಿದ್ವು, ಅಪ್ಪ ಫಸ್ಟ್ ಕ್ಲಾಸ್ ಬಂದೋರ ಥರ ನಮ್ಮನ್ನ ನೋಡಿದ್ರು. ಆ ಹುಡುಗಿ ತಲೆ ಆಡ್ಸಿದ್ಲು. "ಮೂರು ಹೋಗುದು ಬೇಡ ಅಂಕಲ್. ಒಂದೇ ಹೋಗ್ಲಿ, ಆದ್ರೆ ಅಲ್ಲೇ ನಿಲ್ಲಬೇಕು." ಹಾಗಂದು ಅಪ್ಪನ ಪಕ್ಕೆಲುಬು ಮುಗಿಯೋ ಜಾಗದಲ್ಲಿ, ಹೊಟ್ಟೆ ಶುರುವಾಗೋ ಕಡೆ ತನ್ನ ಕೈ ಇಟ್ಟು "ನನ್ನ ಕೈಯನ್ನ ಹೊಟ್ಟೆಯಿಂದ ತಳ್ಳಿ" ಅಂದ್ಲು. ಆಗ ಮೊದಲನೇ ಚೆಂಡು ನಿಧಾನಕ್ಕೆ ಎದ್ದು, ನಡುಗ್ತಾ ನಡುಗ್ತಾ ಮೇಲೇ ನಿಂತ್ಕೊಂಡ್ತು. ಅಪ್ಪಂಗೆ ಖುಷಿ ಆಗ್ಲಿಲ್ಲ, ಒಂದೇ ಚೆಂಡಲ್ವಾ. ಆದ್ರೆ ಅವಳು ಬಯಸಿದ್ದು ಅದನ್ನೇ. ಆಪರೇಷನ್ ಆದ್ಮೇಲೆ ಮೇಲ್ಮೇಲೆ ಉಸಿರಾಡ್ತಾ ಮಲಗಿದ್ರೆ ಶ್ವಾಸಕೋಶದ ಕೆಳಭಾಗದಲ್ಲಿರೋ ಸಣ್ಣ ಸಣ್ಣ ಗಾಳಿಚೀಲಗಳು ಮುದುರ್ಕೊಂಡು ಬಿಡತ್ತೆ, ಅಲ್ಲಿ ಕಫ ಕೂರತ್ತೆ, ಅದು ನ್ಯುಮೋನಿಯಾಗೆ ದಾರಿ. ಆ ಮುದುರಿದ ಚೀಲಗಳನ್ನ ಬಿಡಿಸೋಕೆ ನಿಧಾನವಾಗಿ ಎಳೆದು ಸ್ವಲ್ಪ ಹೊತ್ತು ನಿಲ್ಸಿದ ಗಾಳಿ ಬೇಕು, ಟಕ್ ಅಂತ ಹೋಗಿ ಬರೋ ಗಾಳಿಯಿಂದ ಆಗಲ್ಲ.

ಅವತ್ತಿಂದ ನಾನು ಇದರ ಹಿಂದೆ ಬಿದ್ದೆ. ಅಕೌಂಟ್ಸ್ ಕೆಲಸ ನಂದು, ಡಾಕ್ಟರ್ ಅಲ್ಲ, ಆದ್ರೆ ಲೆಕ್ಕ ಅಂದ್ರೆ ಪ್ರಾಣ, ಮತ್ತೆ ಉಸಿರಾಟದಲ್ಲಿ ತುಂಬಾ ಚೆಂದದ ಒಂದು ಲೆಕ್ಕ ಇದೆ.

ಮೊದಲು ಯಂತ್ರ ಅರ್ಥ ಆಗ್ಲಿ. ಶ್ವಾಸಕೋಶಕ್ಕೆ ಅದರದ್ದೇ ಆದ ಸ್ನಾಯು ಇಲ್ಲ, ಅದು ತಾನಾಗೇ ಉಬ್ಬಲ್ಲ. ಅದರ ಕೆಳಗೆ, ಎದೆಗೂ ಹೊಟ್ಟೆಗೂ ಮಧ್ಯೆ ಗುಮ್ಮಟದ ಆಕಾರದಲ್ಲಿ ಒಂದು ಸ್ನಾಯು ಇದೆ, ವಪೆ ಅಂತ ಸ್ಕೂಲ್ ಪುಸ್ತಕದಲ್ಲಿ ಓದಿರ್ತೀರಾ, ಅದು ಬಿಗಿಯಾದಾಗ ಕೆಳಕ್ಕೆ ಇಳಿಯತ್ತೆ, ಎದೆಯೊಳಗೆ ಜಾಗ ಜಾಸ್ತಿ ಆಗತ್ತೆ, ಗಾಳಿ ಒಳಗೆ ಬರತ್ತೆ. ವಪೆ ಕೆಳಗಿಳಿದಾಗ ಹೊಟ್ಟೆಯೊಳಗಿರೋದೆಲ್ಲಾ ಎಲ್ಲಿಗೆ ಹೋಗ್ಬೇಕು? ಮುಂದಕ್ಕೆ ಬರತ್ತೆ. ಅದಕ್ಕೇ ಸರಿಯಾಗಿ ಉಸಿರು ತಗೊಂಡಾಗ ಹೊಟ್ಟೆ ಉಬ್ಬಬೇಕು. ಮಲಗಿರೋ ಮಗು ನೋಡಿ, ಹೊಟ್ಟೆ ಹೆಂಗೆ ಮೇಲೆ ಕೆಳಗೆ ಆಗ್ತಿರತ್ತೆ. ನಾವು ದೊಡ್ಡೋರಾದ್ಮೇಲೆ ಹೊಟ್ಟೆ ಕಾಣಬಾರದು ಅಂತ ಒಳಗೆಳ್ಕೊಂಡು, ಟೈಟ್ ಜೀನ್ಸು, ಬಿಗಿಯಾಗಿ ಕಟ್ಟಿದ ಲಂಗದ ಲಾಡಿ, ಮುಂದಕ್ಕೆ ಬಗ್ಗಿ ಕಂಪ್ಯೂಟರ್ ಮುಂದೆ ಕೂರೋದು, ಇಷ್ಟೆಲ್ಲಾ ಸೇರಿ ವಪೆಗೆ ಇಳಿಯೋಕೆ ಜಾಗಾನೇ ಇಲ್ದಂಗೆ ಮಾಡಿರ್ತೀವಿ, ಆಗ ಆ ಕೆಲಸಾನ ಕತ್ತು ಭುಜದ ಸ್ನಾಯುಗಳು ವಹಿಸ್ಕೊಳ್ಳತ್ತೆ. ಸಾಯಂಕಾಲ ಆಗೋ ಹೊತ್ತಿಗೆ ಕತ್ತು ಹಿಡ್ಕೊಂಡಿದೆ ಅಂತ ಮುಲಾಮು ಹಚ್ಕೊಳ್ಳೋರು ತಮ್ಮ ಉಸಿರನ್ನೂ ಒಂದ್ಸಲ ಗಮನಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಲೆಕ್ಕ. ಆರಾಮಾಗಿ ಕೂತಿರೋ ದೊಡ್ಡೋರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾರೆ, ಒಂದ್ಸಲಕ್ಕೆ ಸುಮಾರು 500 ಎಂಎಲ್ ಗಾಳಿ. ಇದರಲ್ಲಿ ಸುಮಾರು 150 ಎಂಎಲ್ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸ್ ಬರತ್ತೆ, ರಕ್ತಕ್ಕೆ ಅದರಿಂದ ನಯಾಪೈಸೆ ಉಪಯೋಗ ಇಲ್ಲ. ನಿಮಿಷಕ್ಕೆ 12 ಸಲ 500 ಎಂಎಲ್ ತಗೊಂಡ್ರೆ ಒಟ್ಟು 6 ಲೀಟರ್, ದಾರಿಖರ್ಚು ಕಳೆದು ಒಳಗೆ ಕೆಲಸಕ್ಕೆ ಬಂದಿದ್ದು 4.2 ಲೀಟರ್. ಅದೇ 6 ಲೀಟರನ್ನ ಗಾಬರಿಯಲ್ಲಿ ನಿಮಿಷಕ್ಕೆ 24 ಸಲ, ಸಲಕ್ಕೆ 250 ಎಂಎಲ್ ಅಂತ ಮೇಲ್ಮೇಲೆ ತಗೊಂಡ್ರೆ? ಪ್ರತಿ ಸಲಾನೂ 150 ಕಳೀರಿ, ಉಳಿಯೋದು ಬರೀ 2.4 ಲೀಟರ್. ನಿಮಿಷಕ್ಕೆ 6 ಸಲ, ಸಲಕ್ಕೆ 1 ಲೀಟರ್ ನಿಧಾನವಾಗಿ ತಗೊಂಡ್ರೆ 5.1 ಲೀಟರ್. ಗಾಳಿ ಅಷ್ಟೇ, ಮೂಗು ಅದೇ, ಲಾಭ ಮಾತ್ರ ಡಬಲ್‌ಗಿಂತ ಜಾಸ್ತಿ. ಈ ಲೆಕ್ಕ ಆಫೀಸಲ್ಲಿ ಒಬ್ಬರಿಗೆ ಟಿಶ್ಯೂ ಪೇಪರ್ ಮೇಲೆ ಬರ್ದು ತೋರ್ಸಿದ್ದೆ, ಅವರು ಅದನ್ನ ಮಾನಿಟರ್‌ಗೆ ಅಂಟಿಸ್ಕೊಂಡ್ರು.

ಆದ್ರೆ ಇಲ್ಲಿ ಒಂದು ವಿಷಯ ಹೇಳ್ಲೇಬೇಕು, ವಾಟ್ಸಾಪಲ್ಲಿ ಬರೋ "ಉದ್ದ ಉಸಿರಾಡಿದ್ರೆ ರಕ್ತದಲ್ಲಿ ಆಕ್ಸಿಜನ್ ತುಂಬಿ ತುಳುಕತ್ತೆ" ಅನ್ನೋ ಮಾತು ಇದೆಯಲ್ಲ, ಆರೋಗ್ಯವಾಗಿರೋರಿಗೆ ಅದು ಅನ್ವಯಿಸಲ್ಲ. ಕೋವಿಡ್ ಟೈಮಲ್ಲಿ ಎಲ್ಲರ ಮನೇಲೂ ಆಕ್ಸಿಮೀಟರ್ ಬಂತಲ್ಲ, ಬೆರಳಿಗೆ ಹಾಕ್ಕೊಂಡು ನೋಡಿ, ಸುಮ್ನೆ ಕೂತಿದ್ರೂ 95ರ ಮೇಲೇ ಇರತ್ತೆ, ತುಂಬಿರೋ ಬಿಂದಿಗೆಗೆ ಇನ್ನೆಷ್ಟು ಸುರೀತೀರಾ. ಸಮಾಧಾನ ಸಿಗೋದು ಬೇರೆ ದಾರಿಯಿಂದ.

ಆ ದಾರಿ ಯಾವುದು ಅಂತ ನಿಮ್ಮ ಕೈಯಲ್ಲೇ ನೋಡ್ಬಹುದು. ಮಣಿಕಟ್ಟಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡೀರಿ. ಈಗ ನಿಧಾನವಾಗಿ ಉಸಿರು ಒಳಗೆ ತಗೊಳ್ಳಿ, ನಾಡಿ ಸ್ವಲ್ಪ ಬೇಗ ಬೇಗ ಹೊಡಿಯತ್ತೆ. ನಿಧಾನವಾಗಿ ಬಿಡಿ, ಬಡಿತದ ಮಧ್ಯೆ ಅಂತರ ಜಾಸ್ತಿ ಆಗತ್ತೆ. ನನ್ನ ತಂಗಿ ಮಗನಿಗೆ ಹಿಂಗೆ ಹಿಡಿಯೋಕೆ ಹೇಳ್ಕೊಟ್ಟೆ, ಅವನಿಗೆ ಎಷ್ಟು ಚೆನ್ನಾಗಿ ಗೊತ್ತಾಯ್ತು ಅಂದ್ರೆ "ಅತ್ತೆ... ಅಲ್ಲ ದೊಡ್ಡಮ್ಮ, ನನ್ನ ಹಾರ್ಟ್ ಕೆಟ್ಟೋಗಿದೆ" ಅಂತ ಗಾಬರಿ ಆದ. ಕೆಟ್ಟಿಲ್ಲ, ಚಿಕ್ಕ ವಯಸ್ಸಲ್ಲಿ ಇದು ಎದ್ದು ಕಾಣತ್ತೆ, ವಯಸ್ಸಾಗ್ತಾ ಆಗ್ತಾ ಕಮ್ಮಿ ಆಗತ್ತೆ. ಜರ್ಮನಿಯ ಕಾರ್ಲ್ ಲುಡ್ವಿಗ್ ಅನ್ನೋ ವಿಜ್ಞಾನಿ 1847ರಲ್ಲೇ ಇದನ್ನ ದಾಖಲು ಮಾಡಿದ್ರು. ಮೆದುಳಿನ ಬುಡದಿಂದ ಹೊರಟು ಕತ್ತು, ಎದೆ ದಾಟಿ ಹೊಟ್ಟೆವರೆಗೂ ಹೋಗೋ ವೇಗಸ್ ಅನ್ನೋ ನರ ಇದೆ, ಹೃದಯಕ್ಕೆ ಬ್ರೇಕ್ ಹಾಕೋದು ಇದರ ಕೆಲಸ. ಉಸಿರು ಒಳಗೆ ಹೋಗುವಾಗ ಬ್ರೇಕ್ ಸಡಿಲ, ಹೊರಗೆ ಬರುವಾಗ ಬ್ರೇಕ್ ಬಿಗಿ. ಅಂದ್ರೆ ಉಸಿರು ಬಿಡೋದನ್ನ ಉದ್ದ ಮಾಡಿದಷ್ಟೂ ಬ್ರೇಕ್ ಮೇಲೆ ಕಾಲು ಜಾಸ್ತಿ ಹೊತ್ತು ಇರತ್ತೆ. ಹೃದಯಕ್ಕೆ ನೇರವಾಗಿ "ನಿಧಾನಕ್ಕೆ ಹೊಡ್ಕೋ" ಅಂತ ಆರ್ಡರ್ ಮಾಡೋಕೆ ನಮ್ಮಿಂದಾಗಲ್ಲ, ಜಠರಕ್ಕೂ ಹೇಳೋಕಾಗಲ್ಲ, ಬಿಪಿಗೂ ಹೇಳೋಕಾಗಲ್ಲ. ಉಸಿರು ಒಂದೇ ನೋಡಿ, ತಾನಾಗೂ ನಡಿಯತ್ತೆ, ನಾವು ಹೇಳಿದ್ರೂ ಕೇಳತ್ತೆ.

ನಮ್ಮ ಹಳಬರಿಗೆ ವೇಗಸ್ ಗೀಗಸ್ ಎಲ್ಲಾ ಗೊತ್ತಿರ್ಲಿಲ್ಲ, ಆದ್ರೆ ಬಿಡೋದು ಉದ್ದ ಇರಬೇಕು ಅನ್ನೋದು ಚೆನ್ನಾಗೇ ಗೊತ್ತಿತ್ತು. ಪೂರಕ, ಕುಂಭಕ, ರೇಚಕ ಅಂತ 1:4:2ರ ಲೆಕ್ಕ ಹೇಳ್ತಾರಲ್ಲ, ಅದರಲ್ಲಿ ಬಿಡೋದು ತಗೊಳ್ಳೋದಕ್ಕಿಂತ ಡಬಲ್. (ಮಧ್ಯದ ನಾಲ್ಕು ಪಟ್ಟು ಹಿಡಿಯೋದನ್ನ ಗುರುಗಳಿಲ್ದೆ ಮನೇಲಿ ಟ್ರೈ ಮಾಡೋಕೆ ಹೋಗ್ಬೇಡಿ.) ಸಂಧ್ಯಾವಂದನೆ ಮಾಡುವಾಗ ತಾತ ಮೂಗು ಹಿಡ್ಕೊಂಡು ಕೂತ್ರೆ ಮನೆಯಲ್ಲಿ ಅಷ್ಟು ಹೊತ್ತು ಯಾರೂ ಮಾತಾಡಿಸೋ ಹಾಗಿರ್ಲಿಲ್ಲ, ಮಂತ್ರ ಮನಸ್ಸಲ್ಲೇ ಮುಗಿಯೋವರೆಗೂ ಉಸಿರಿನ ಲೆಕ್ಕ. ಅದೇ ಈಗ ಉಪನಯನ ಆದ ಹುಡುಗರನ್ನ ನೋಡಿ, ಮೂಗು ಮುಟ್ಟಿ ಕೈ ತೆಗೆಯೋ ಅಷ್ಟರಲ್ಲಿ ಪ್ರಾಣಾಯಾಮ ಮುಗ್ದಿರತ್ತೆ, ಸೊಳ್ಳೆ ಓಡ್ಸಿದ್ರಾ ಪ್ರಾಣಾಯಾಮ ಮಾಡಿದ್ರಾ ಅಂತ ಗೊತ್ತಾಗಲ್ಲ.

ಅಮ್ಮಂದು ಇನ್ನೊಂದು ದಾರಿ. ಸಾಯಂಕಾಲ ದೀಪ ಹಚ್ಚಿ ವಿಷ್ಣು ಸಹಸ್ರನಾಮ ಹೇಳ್ತಾರೆ, ಒಂದು ಶ್ಲೋಕ ಒಂದೇ ಉಸಿರಲ್ಲಿ, ಶ್ಲೋಕದ ಕೊನೆಗೆ ಮೂಗಲ್ಲಿ ಒಂದು ಸಣ್ಣ ಉಸಿರು, ಮತ್ತೆ ಶುರು. ಹೇಳೋವಷ್ಟು ಹೊತ್ತೂ ಅವರು ಮಾಡ್ತಿರೋದು ಏನು? ಉದ್ದಕ್ಕೆ ಉಸಿರು ಬಿಡೋದು ತಾನೆ. ಇದನ್ನ ನಾನು ಹೆಮ್ಮೆಗೆ ಹೇಳ್ತಿಲ್ಲ, ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತೆ ಅವರ ಜೊತೆಯವರು ಮಾಡಿದ ಒಂದು ಅಧ್ಯಯನ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು, 23 ಜನ ಆರೋಗ್ಯವಂತರಿಗೆ ಒಂದ್ಸಲ ಲ್ಯಾಟಿನ್‌ನಲ್ಲಿ ಆವೆ ಮರಿಯಾ ಜಪಮಾಲೆ ಪ್ರಾರ್ಥನೆ ಹೇಳ್ಸಿದ್ರು, ಇನ್ನೊಂದ್ಸಲ ಓಂ ಮಣಿ ಪದ್ಮೇ ಹುಂ ಹೇಳ್ಸಿದ್ರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಹತ್ತಿರ ಹತ್ತಿರ 6ಕ್ಕೆ ಇಳೀತು. ಈ 6ಕ್ಕೆ ಒಂದು ವಿಶೇಷ ಇದೆ. ಬಿಪಿ ಏರಿದ್ರೆ ಇಳಿಸೋಕೆ, ಇಳಿದ್ರೆ ಏರಿಸೋಕೆ ಮೈಯಲ್ಲಿ ಒಂದು ವ್ಯವಸ್ಥೆ ಇದೆ, ಅದು ತನ್ನಷ್ಟಕ್ಕೆ ತಾನು ಸುಮಾರು 10 ಸೆಕೆಂಡಿಗೊಂದು ಸುತ್ತು ಹಾಕ್ತಿರತ್ತೆ. ಉಸಿರೂ 10 ಸೆಕೆಂಡಿಗೆ ಒಂದು ಅಂತ ಬಂದಾಗ ಎರಡೂ ತಾಳ ಕೂಡಿ, ಆ ವ್ಯವಸ್ಥೆ ಇನ್ನೂ ಚುರುಕಾಗತ್ತೆ. ರೋಮ್‌ನಲ್ಲಿ ಜಪಮಾಲೆ ಹಿಡಿದ ಅಜ್ಜಿಗೂ ಮೈಸೂರಲ್ಲಿ ಸಹಸ್ರನಾಮ ಹೇಳೋ ನಮ್ಮಮ್ಮಂಗೂ ಒಂದೇ ಔಷಧಿ ಸಿಗ್ತಿದೆ ಅನ್ನೋದು ನನಗಂತೂ ತುಂಬಾ ಇಷ್ಟವಾದ ವಿಷಯ. ನಂಬಿಕೆ ಇಲ್ದೋರು ಹಳೇ ಭಾವಗೀತೆ ನಿಧಾನವಾಗಿ ಹಾಡ್ಕೊಳ್ಳಿ, ಶ್ವಾಸಕೋಶ ಯಾವ ದೇವರು ಅಂತ ಕೇಳಲ್ಲ.

ಭ್ರಾಮರಿ ಬಗ್ಗೆನೂ ಹೇಳ್ಬಿಡ್ತೀನಿ. ಬಾಯಿ ಮುಚ್ಕೊಂಡು ಮ್‌ಮ್‌ಮ್ ಅಂತ ಸದ್ದು ಮಾಡ್ತಾ ಉಸಿರು ಬಿಡೋದು. ಕಾಲೇಜಲ್ಲಿ ಇದನ್ನ ನೋಡಿ ನಗ್ತಿದ್ವಿ. ಮೂಗಿನ ಅಕ್ಕಪಕ್ಕ, ಹಣೆಯಲ್ಲಿ ಸೈನಸ್ ಅನ್ನೋ ಟೊಳ್ಳು ಜಾಗಗಳಿದೆಯಲ್ಲ, ನೆಗಡಿ ಆದಾಗ ಮಾತ್ರ ನಮಗೆ ನೆನಪಾಗೋದು, ಅಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ತಯಾರಾಗತ್ತೆ ಅಂತ 1995ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರ್ಸಿದ್ರು. ರಕ್ತನಾಳ ಹಿಗ್ಗಿಸೋ ಗುಣ ಇರೋ ಅನಿಲ ಅದು. 2002ರಲ್ಲಿ ಅವರೇ ಇನ್ನೊಂದು ನೋಡಿದ್ರು, ಸುಮ್ನೆ ಉಸಿರು ಬಿಡೋದಕ್ಕಿಂತ ಗುನುಗ್ತಾ ಬಿಟ್ರೆ ಮೂಗಿಂದ ಬರೋ ಆ ಅನಿಲ 15 ಪಟ್ಟು ಹೆಚ್ಚು. ಮೂಗಲ್ಲೇ ಉಸಿರಾಡಿ ಅಂತ ಹೇಳೋಕೆ ಇದೂ ಒಂದು ಕಾರಣ, ಧೂಳು ಸೋಸೋದು, ಗಾಳಿ ಬೆಚ್ಚಗೆ ಮಾಡೋದು, ತೇವ ಮಾಡೋದು ಇದ್ದೇ ಇದೆ. ಹಾಗಂತ ಈಗ ರೀಲ್ಸಲ್ಲಿ ಓಡ್ತಿರೋ ಥರ ರಾತ್ರಿ ಬಾಯಿಗೆ ಟೇಪ್ ಅಂಟಿಸ್ಕೊಂಡು ಮಲಗೋದೆಲ್ಲಾ ಬೇಡ, ಮೂಗು ಕಟ್ಟಿರೋರಿಗೆ, ಗೊರಕೆ ಹೊಡೀತಾ ಮಧ್ಯೆ ಮಧ್ಯೆ ಉಸಿರು ನಿಲ್ಲೋರಿಗೆ ಅದು ಅಪಾಯ.

ಮನಸ್ಸಿನ ವಿಷಯಕ್ಕೆ ಬರೋಣ. ಕಂಪ್ಯೂಟರ್ ಮುಂದೆ ಕೂತಾಗ ನಮಗೆ ಗೊತ್ತಿಲ್ದೆ ಉಸಿರು ಹಿಡ್ಕೊಂಡಿರ್ತೀವಿ, ಇದು ನಿಮ್ಮಲ್ಲೂ ಇರತ್ತೆ, ಚೆಕ್ ಮಾಡಿ. ಅಮೆರಿಕಾದ ಲಿಂಡಾ ಸ್ಟೋನ್ ಅನ್ನೋರು 2008ರಲ್ಲಿ ಇದಕ್ಕೆ ಇ-ಮೇಲ್ ಅಪ್ನಿಯಾ ಅಂತ ಹೆಸರು ಕೊಟ್ರು. ನಮ್ಮ ಆಫೀಸಲ್ಲಿ ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕೋ 20ನೇ ತಾರೀಖು ಬಂದು ನೋಡಿ, ಓಟಿಪಿ ಬರೋವರೆಗೂ ಇಡೀ ರೂಮಲ್ಲಿ ಒಬ್ಬರೂ ಉಸಿರಾಡ್ತಿರಲ್ಲ, ಓಟಿಪಿ ಬಂದ್ಮೇಲೆ ಎಲ್ಲರೂ ಒಟ್ಟಿಗೆ ಉಸ್ಸಪ್ಪಾ ಅಂತಾರೆ. ಆ ಉಸ್ಸಪ್ಪಾ ಇದೆಯಲ್ಲ, ಅದು ಸುಮ್ನೆ ಬಂದಿದ್ದಲ್ಲ. ನಾವು ಯಾವ ಚಿಂತೆ ಇಲ್ದೆ ಕೂತಿದ್ರೂ ಸುಮಾರು ಐದೈದು ನಿಮಿಷಕ್ಕೊಂದು ಸಲ ನಮಗೇ ಗೊತ್ತಾಗದ ಹಾಗೆ ನಿಟ್ಟುಸಿರು ಬಿಡ್ತೀವಂತೆ, ಮುದುರಿದ ಗಾಳಿಚೀಲ ಬಿಡಿಸೋಕೆ ಮೈ ತಾನೇ ಮಾಡ್ಕೊಂಡಿರೋ ವ್ಯವಸ್ಥೆ. ಮನೇಲಿ ಹೊತ್ತು ಮುಳುಗೋ ಹೊತ್ತಲ್ಲಿ ನಿಟ್ಟುಸಿರು ಬಿಟ್ರೆ ಅಜ್ಜಿ ಬೈತಿದ್ರು, ದರಿದ್ರ ಅಂತ. ಪಾಪ ಅಜ್ಜಿ.

ಇದೇ ನಿಟ್ಟುಸಿರನ್ನ ಬೇಕಂತ ಮಾಡಿದ್ರೆ ಏನಾಗತ್ತೆ ಅಂತ ಸ್ಟ್ಯಾನ್‌ಫರ್ಡ್‌ನವರು ನೋಡಿದ್ರು, 2023ರಲ್ಲಿ ಬಂತು ಅದು. ಮೂಗಲ್ಲಿ ಉಸಿರು ತಗೊಳ್ಳೋದು, ತುಂಬಿದ್ಮೇಲೆ ಇನ್ನೊಂದು ಚೂರು ಸೇರ್ಸೋದು, ಆಮೇಲೆ ಬಾಯಲ್ಲಿ ಉದ್ದಕ್ಕೆ ನಿಧಾನವಾಗಿ ಪೂರ್ತಿ ಖಾಲಿ ಆಗೋವರೆಗೂ ಬಿಡೋದು. ದಿನಕ್ಕೆ ಐದೇ ನಿಮಿಷ, ಒಂದು ತಿಂಗಳು. ಬೇರೆ ಥರ ಉಸಿರಾಟ ಮಾಡಿದೋರು, ಸುಮ್ನೆ ಧ್ಯಾನ ಮಾಡಿದೋರು ಎಲ್ಲರಿಗೂ ಆತಂಕ ಕಮ್ಮಿ ಆಯ್ತು, ಆದ್ರೆ ಮನಸ್ಸು ಹಗುರ ಆಗೋದ್ರಲ್ಲಿ ಈ ನಿಟ್ಟುಸಿರಿನ ಗುಂಪು ಮುಂದಿತ್ತು. ಇಲ್ಲೂ ನೋಡಿ, ಗೆದ್ದಿದ್ದು ಉದ್ದಕ್ಕೆ ಬಿಡೋದೇ.

ಯಾರಾದ್ರೂ ಗಾಬರಿಯಾಗಿ ಏದುಸಿರು ಬಿಡ್ತಿದ್ರೆ "ಜೋರಾಗಿ ಉಸಿರು ತಗೋ, ಜೋರಾಗಿ ತಗೋ" ಅಂತ ಬೆನ್ನು ಸವರೋದು ನಮ್ಮ ಕಡೆ ಅಭ್ಯಾಸ. ಅವರಿಗೆ ಗಾಳಿ ಕಮ್ಮಿ ಆಗಿರಲ್ಲ, ಜಾಸ್ತಿ ಆಗಿರತ್ತೆ. ಬೇಗ ಬೇಗ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಮಿತಿಮೀರಿ ಹೊರಗೆ ಹೋಗತ್ತೆ, ಅದು ಕಮ್ಮಿ ಆದ್ರೆ ಮೆದುಳಿಗೆ ಹೋಗೋ ರಕ್ತನಾಳ ಕಿರಿದಾಗಿ ತಲೆ ಸುತ್ತತ್ತೆ, ಬೆರಳು ತುದಿ, ತುಟಿ ಸುತ್ತ ಜುಮ್ಮು ಅನ್ನತ್ತೆ, ಆಗ ಅವರು ಹಾರ್ಟ್ ಅಟ್ಯಾಕೇ ಅಂದ್ಕೊಂಡು ಇನ್ನೂ ಗಾಬರಿ, ಇನ್ನೂ ಜೋರಾಗಿ ಉಸಿರು. ಆಗ ಪಕ್ಕದಲ್ಲಿ ಕೂತು "ನನ್ನ ಜೊತೆ ನಿಧಾನಕ್ಕೆ ಬಿಡಿ" ಅಂತ ನಾವೂ ಬಿಡ್ತಾ ತೋರ್ಸಬೇಕು. ಸಿನಿಮಾದಲ್ಲಿ ತೋರ್ಸೋ ಪೇಪರ್ ಕವರ್ ವಿದ್ಯೆ ಮಾಡ್ಬೇಡಿ, ನಿಜವಾಗ್ಲೂ ಅದು ಹೃದಯದ್ದೋ ಅಸ್ತಮಾದ್ದೋ ತೊಂದರೆ ಆಗಿದ್ರೆ ಅನಾಹುತ ಆಗತ್ತೆ.

ಇದೇ ಕಾರ್ಬನ್ ಡೈಆಕ್ಸೈಡ್ ವಿಷಯ ಹಳ್ಳಿ ಕಡೆ ಬಾವಿಲಿ, ಕಲ್ಯಾಣಿಲಿ ಈಜೋ ಹುಡುಗರಿಗೆ ಗೊತ್ತಿರ್ಲೇಬೇಕು. ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅಂತ ಪಂದ್ಯ ಕಟ್ಟಿ, ಹಾರೋಕೆ ಮುಂಚೆ ದಡದಲ್ಲಿ ನಿಂತು ಹಾ ಹಾ ಅಂತ ಜೋರು ಜೋರಾಗಿ ಉಸಿರು ತಗೊಂಡು ಹಾರ್ತಾರೆ. ಉಸಿರಾಡ್ಲೇಬೇಕು ಅಂತ ನಮಗೆ ಒದ್ದಾಟ ಹುಟ್ಟಿಸೋದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರೋದು. ಅದನ್ನ ದಡದಲ್ಲೇ ಖಾಲಿ ಮಾಡ್ಕೊಂಡು ಮುಳುಗಿದ್ರೆ ಒದ್ದಾಟ ಹುಟ್ಟೋಕೆ ಮುಂಚೆನೇ ಆಕ್ಸಿಜನ್ ಮುಗ್ದು ನೀರೊಳಗೇ ಪ್ರಜ್ಞೆ ತಪ್ಪತ್ತೆ, ಕೈಕಾಲು ಬಡಿಯೋದೂ ಇಲ್ಲ, ಮೇಲಿರೋರಿಗೆ ಗೊತ್ತೂ ಆಗಲ್ಲ. ಚೆನ್ನಾಗಿ ಈಜು ಬರೋರೇ ಹಿಂಗೆ ಹೋಗೋದು. ಮಕ್ಕಳಿಗೆ ದಯವಿಟ್ಟು ಹೇಳಿ.

ಕಪಾಲಭಾತಿ, ಭಸ್ತ್ರಿಕಾ ಇವೂ ಜೋರು ಉಸಿರಿನವೇ. ನನಗೆ ಅವುಗಳ ಮೇಲೆ ಕೋಪ ಇಲ್ಲ, ಮೈ ಬಿಸಿಯಾಗತ್ತೆ, ಕಣ್ಣು ತೆರಿಯತ್ತೆ, ಬೆಳಗ್ಗೆ ಪಾರ್ಕಲ್ಲಿ ಎಲ್ಲರೂ ಒಟ್ಟಿಗೆ ಮಾಡುವಾಗ ಒಂಥರಾ ಉತ್ಸಾಹನೂ ಇರತ್ತೆ. ಆದ್ರೆ ಬಿಪಿ ಜಾಸ್ತಿ ಇರೋರು, ಹೃದಯದ ತೊಂದರೆ ಇರೋರು, ಫಿಟ್ಸ್ ಇರೋರು, ಹರ್ನಿಯಾ ಇರೋರು, ಬಸುರಿಯರು ಅದನ್ನ ಮಾಡಬಾರದು ಅಂತ ಒಳ್ಳೆ ಯೋಗ ಗುರುಗಳೇ ಹೇಳ್ತಾರೆ. ಟೆನ್ಷನ್ ಕಮ್ಮಿ ಆಗ್ಲಿ ಅನ್ನೋರಿಗೆ ಅದು ಸರಿಯಾದ ದಾರಿನೂ ಅಲ್ಲ.

ನಾನು ಮಾಡೋದು ಹೇಳ್ತೀನಿ, ತುಂಬಾ ಸಿಂಪಲ್. ರಾತ್ರಿ ಹಾಸಿಗೆ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ, ಒಂದು ಕೈ ಎದೆ ಮೇಲೆ, ಒಂದು ಕೈ ಹೊಕ್ಕಳ ಮೇಲೆ. ಎದೆ ಮೇಲಿನ ಕೈ ಆದಷ್ಟು ಅಲ್ಲಾಡಬಾರದು, ಹೊಕ್ಕಳ ಮೇಲಿನದು ಏಳಬೇಕು. ಮೊದಲು ಇರೋ ಗಾಳಿನ ನಿಧಾನಕ್ಕೆ ಬಿಡೋದ್ರಿಂದ ಶುರು ಮಾಡಿ, ತಗೊಳ್ಳೋದ್ರಿಂದ ಅಲ್ಲ, ಖಾಲಿ ಆದ್ಮೇಲೆ ಅದು ತಾನೇ ಒಳಗೆ ಬರತ್ತೆ, ಎಳ್ಕೊಳ್ಳೋ ಶ್ರಮಾನೇ ಇರಲ್ಲ. ಮನಸ್ಸಲ್ಲಿ ನಾಲ್ಕು ಎಣಿಸೋವಷ್ಟು ಒಳಗೆ, ಆರು ಎಣಿಸೋವಷ್ಟು ಹೊರಗೆ. ನಾಲ್ಕು ಆರು ಕಷ್ಟ ಆದ್ರೆ ಮೂರು ನಾಲ್ಕು ಮಾಡ್ಕೊಳ್ಳಿ, ಯಾರೂ ಮಾರ್ಕ್ಸ್ ಹಾಕಲ್ಲ. ತಲೆ ತಿರುಗಿದ್ರೆ ಜಾಸ್ತಿ ಗಾಳಿ ತಗೊಳ್ತಿದ್ದೀರಾ ಅಂತ ಅರ್ಥ, ನಿಲ್ಸಿ. ಊಟ ಆದ ತಕ್ಷಣ ಬೇಡ. ರಸ್ತೆ ಪಕ್ಕದ ಬಾಲ್ಕನಿಲಿ ಬಸ್ ಹೊಗೆ ಬರೋ ಹೊತ್ತಲ್ಲಂತೂ ಬೇಡವೇ ಬೇಡ. ಅಪ್ಪನ ಥರ ಕೂತು ಮಾಡೋರು ಕುರ್ಚಿಲಿ ಬೆನ್ನು ಆನಿಸ್ಕೊಂಡು ಪ್ಯಾಂಟಿನ ಬೆಲ್ಟ್ ಒಂದು ತೂತು ಸಡಿಲ ಮಾಡಿ. ಅಸಿಡಿಟಿ ಇರೋರಿಗೂ ಇದು ಸ್ವಲ್ಪ ಸಹಾಯ ಮಾಡತ್ತೆ, ಯಾಕಂದ್ರೆ ಅನ್ನನಾಳ ಹೊಟ್ಟೆಗೆ ಇಳಿಯೋ ಬಾಗಿಲನ್ನ ಸುತ್ತುವರಿದು ಬಿಗಿ ಹಿಡಿಯೋದ್ರಲ್ಲಿ ಇದೇ ವಪೆಯ ಪಾಲಿದೆ.

ಕಾಯಿಲೆ ಇರೋರ ವಿಷಯಕ್ಕೆ ನಮ್ಮ ಬೆಂಗಳೂರಿನದ್ದೇ ಒಂದು ಹಳೇ ಅಧ್ಯಯನ ಇದೆ, ಡಾ. ಆರ್. ನಾಗರತ್ನ ಮತ್ತೆ ಡಾ. ಎಚ್.ಆರ್. ನಾಗೇಂದ್ರ ಅವರದ್ದು, 1985ರಲ್ಲಿ ಅದೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದ್ದು. 53 ಜನ ಅಸ್ತಮಾ ರೋಗಿಗಳಿಗೆ ಎರಡು ವಾರ ಉಸಿರಾಟ, ಆಸನ, ಪ್ರಾಣಾಯಾಮ, ಧ್ಯಾನ ಕಲಿಸಿ ದಿನಾ 65 ನಿಮಿಷ ಮಾಡೋಕೆ ಹೇಳಿದ್ರು, ಮಾಡದೇ ಇದ್ದ ಇನ್ನು 53 ಜನರ ಜೊತೆ ಹೋಲಿಸಿ ನೋಡಿದ್ರು. ಮಾಡಿದೋರಿಗೆ ವಾರಕ್ಕೆ ಬರೋ ಅಟ್ಯಾಕ್ ಕಮ್ಮಿ ಆಯ್ತು, ಔಷಧಿ ಕಮ್ಮಿ ಆಯ್ತು. ಗಮನಿಸಿ, ಔಷಧಿ ಕಮ್ಮಿ ಆಯ್ತು, ಇನ್‌ಹೇಲರ್ ಕಸದ ಬುಟ್ಟಿಗೆ ಹಾಕಿ ಅಂತ ಯಾರೂ ಹೇಳ್ಲಿಲ್ಲ. ಹೊಸದಾಗಿ ಏದುಸಿರು ಶುರುವಾದ್ರೆ, ಮೆಟ್ಟಿಲು ಹತ್ತೋಕೆ ಮುಂಚಿನ ಥರ ಆಗ್ತಿಲ್ಲ ಅಂದ್ರೆ, ಎದೆ ಹಿಡ್ಕೊಂಡ್ರೆ, ಆಗ ಪ್ರಾಣಾಯಾಮ ಮಾಡ್ಕೊಂಡು ಕೂರೋ ಹೊತ್ತಲ್ಲ, ಆಸ್ಪತ್ರೆಗೆ ಹೋಗಿ.

ನಮ್ಮ ಪಕ್ಕದ ಮನೆ ಅಂಕಲ್ ಒಬ್ಬರು ಇದನ್ನೆಲ್ಲಾ ಕೇಳ್ಕೊಂಡು ನಿಯತ್ತಾಗಿ ಮಾಡ್ತಿದ್ದಾರೆ, ಮೊನ್ನೆ ಗೇಟ್ ಹತ್ರ ಸಿಕ್ಕಿ "ಬಿಪಿ 130ಕ್ಕೆ ಬಂದಿದೆ ಕಣಮ್ಮ, ಇನ್ನು ಮಾತ್ರೆ ನಿಲ್ಲಿಸ್ತೀನಿ" ಅಂದ್ರು. "ಅಂಕಲ್, ಆ 130 ಬಂದಿರೋದು ಮಾತ್ರೆನೂ ಸೇರಿ" ಅಂದೆ. ನಿಧಾನ ಉಸಿರಾಟದಿಂದ ಬಿಪಿ ಸ್ವಲ್ಪ ಇಳಿಯತ್ತೆ ಅನ್ನೋದು ನಿಜ, 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರು ಉಸಿರಿಗೆ ತಾಳ ಹಾಕೋ ಯಂತ್ರ ಇಟ್ಕೊಂಡು ಮಾಡೋ ಅಭ್ಯಾಸ ಬಿಪಿಗೆ ಪೂರಕವಾಗಿ ಬಳಸ್ಬಹುದು ಅಂತ ಹೇಳಿದ್ದೂ ನಿಜ. ಪೂರಕವಾಗಿ. ಅಂಕಲ್ ಮುಖ ಸಪ್ಪೆ ಆಯ್ತು, ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ತಾರಂತೆ, ರೀಡಿಂಗ್ ಎಲ್ಲಾ ಒಂದು ಚೀಟಿಲಿ ಬರ್ದಿಟ್ಕೊಂಡಿದ್ದಾರೆ, ಡೋಸ್ ಕಮ್ಮಿ ಮಾಡೋದೋ ಬಿಡೋದೋ ಅವರು ನೋಡಿ ಹೇಳ್ತಾರೆ.